ಸ್ಪಿಂಡಲ್ ಸ್ಟಾಪಿನ ಕಚ್ಚು

ಕಬ್ಬಿಣ ಕಡೆಯುವ ನನ್ನ ಲೇತ್ ಚಿಕ್ಕದು. ಮಂಕಿ ಊರಿನ ನಮ್ಮ ಮನೆಯ ಹಿಂದೆ, ಮೊದಲು ತೆಂಗಿನಕಾಯಿ ರಾಶಿ ಹಾಕುತ್ತಿದ್ದ ಶೆಡ್ಡಿನಲ್ಲಿ ಕೂತಿದೆ. ಭಟ್ಕಳದಲ್ಲಿ ಬಾಗಿಲು ಹಾಕಿದ ಒಂದು ವರ್ಕ್‌ಶಾಪಿನಿಂದ ಅದನ್ನು ತಂದ ದಿನ, ಗೂಡ್ಸ್ ರಿಕ್ಷಾದಿಂದ ಇಳಿಸುವಾಗ ಕೈ ಜಾರಿ ಅಂಗಳದ ಕಲ್ಲಿನ ಮೇಲೆ ಬಿತ್ತು. ದೇವರ ದಯೆ, ದೊಡ್ಡದೇನೂ ಮುರಿಯಲಿಲ್ಲ. ಕಬ್ಬಿಣದ ಸರಳನ್ನು ಹಿಡಿದು ತಿರುಗಿಸುವ ಚಕ್ಕಿನ ಹಿಂದೆ ಸ್ಪಿಂಡಲ್ ಎಂಬ ಟೊಳ್ಳು ಕೊಳವೆ ಇರುತ್ತದಲ್ಲ, ಅದರ ಹಿಂಬಾಯಿ ಮಾತ್ರ ಒಂದು ಕಡೆ ಜಜ್ಜಿಹೋಗಿ ಒಳಗೆ ಅಕ್ಕಿಕಾಳಿನಷ್ಟು ಉಬ್ಬು ಎದ್ದಿತು. ಉಜ್ಜಿ ತೆಗೆಯೋಣವೆಂದರೆ ಗಟ್ಟಿ ಉಕ್ಕು, ಅರ ಕಚ್ಚಲೇ ಇಲ್ಲ. ಇರಲಿ ಬಿಡು ಎಂದು ಸುಮ್ಮನಾದೆ.

ನಮ್ಮ ಕೆಲಸದ ಸುಗ್ಗಿ ಮಳೆಗಾಲ. ಮೀನುಗಾರಿಕೆ ನಿಂತು ಬೋಟುಗಳೆಲ್ಲ ದಡ ಸೇರಿದಾಗ ಹೊನ್ನಾವರದ ಬಂದರಿನಿಂದ ರಿಪೇರಿ ಬರುತ್ತದೆ. ಬಲೆ ಎಳೆಯುವ ರಾಟೆಗಳ ಪಿನ್ನುಗಳದ್ದೇ ಹೆಚ್ಚು. ಎಲ್ಲ ಒಂದೇ ಉದ್ದ ಇರಬೇಕು. ಉದ್ದವಾದರೆ ರಾಟೆಗೆ ತಾಗುತ್ತದೆ, ಗಿಡ್ಡವಾದರೆ ಕೀಲು ಕೂರುವುದಿಲ್ಲ. ಪ್ರತಿ ತುಂಡನ್ನೂ ಚಕ್ಕಿಗೆ ಹಿಡಿಸಿ, ಅಳೆದು, ಸಡಿಲಿಸಿ, ಸರಿಸಿ, ಮತ್ತೆ ಅಳೆದು ಕೊರೆಯುವಷ್ಟರಲ್ಲಿ ನನ್ನ ತಾಳ್ಮೆ ಕೆಟ್ಟು ಹೋಗುತ್ತಿತ್ತು. ನನಗೆ ಮೊದಲೇ ತಾಳ್ಮೆ ಕಡಿಮೆ, ಮನೆಯಲ್ಲಿ ಕೇಳಿದರೆ ಹೇಳುತ್ತಾರೆ.

ಹಾಗೆ ಹೊಳೆದದ್ದು ಸ್ಪಿಂಡಲ್ ಸ್ಟಾಪ್. ಟೊಳ್ಳು ಕೊಳವೆಯ ಹಿಂದಿನಿಂದ ಒಂದು ಬಿರಡೆ ತೂರಿಸಿ ಒಳಗೆ ಬಿಗಿಯಾಗಿ ಕೂರಿಸುವುದು. ಬಿರಡೆಯ ನಡುವೆ ಒಂದು ಸರಳು. ಮುಂದಿನಿಂದ ತುಂಡನ್ನು ಒಳಗೆ ತಳ್ಳಿದರೆ ಸರಳಿಗೆ ತಾಗಿ ನಿಲ್ಲಬೇಕು. ಆಮೇಲೆ ಎಷ್ಟು ತುಂಡು ಬೇಕಾದರೂ ಬರಲಿ, ಎಲ್ಲ ಅಷ್ಟೇ ಆಳ, ಎಲ್ಲ ಅಷ್ಟೇ ಉದ್ದ. ದೊಡ್ಡ ಕಾರ್ಖಾನೆಗಳಲ್ಲಿ ಇಂಥದ್ದು ಇರುತ್ತದೆಂದು ಗೊತ್ತಿತ್ತು. ನಮ್ಮ ಕಡೆ ಯಾರ ಹತ್ತಿರವೂ ನೋಡಿರಲಿಲ್ಲ.

ಮೊದಲು ಎರಡು ನಟ್ಟುಗಳ ನಡುವೆ ರಬ್ಬರ್ ಬಿಲ್ಲೆ ಇಟ್ಟು ಬಿಗಿದೆ. ರಬ್ಬರ್ ಎಣ್ಣೆ ಕುಡಿದು ಊದಿಕೊಂಡು ಒಳಗೇ ಕಚ್ಚಿತು. ಅದನ್ನು ಹೊರಗೆ ಹೊಡೆಯುವಾಗ ನನ್ನ ಬಾಯಲ್ಲಿ ಬಂದ ಮಾತು ಬರೆಯುವಂಥದ್ದಲ್ಲ. ಆಮೇಲೆ ಭಟ್ಕಳದ ಗುಜರಿಯಲ್ಲಿ ಬೋಟಿನ ಹಳೆಯ ಶಾಫ್ಟಿನ ತುಂಡು ಹುಡುಕಿ ತಂದು, ಅದರಿಂದ ಬಿರಡೆ ಕಡೆದು, ಉದ್ದಕ್ಕೆ ಸೀಳು ಹಾಕಿದೆ. ಒಳಗೊಂದು ಬೆಣೆಯಂಥ ಓರೆ ನಟ್ಟು. ಬೋಲ್ಟು ತಿರುಗಿಸಿದರೆ ನಟ್ಟು ಒಳಗೆ ಬಂದು ಬಿರಡೆ ಅರಳಿ ಕೊಳವೆಯನ್ನು ಹಿಡಿಯಬೇಕು. ಹಿಡಿಯಿತು. ಒಂದೇ ತೊಡಕು, ಬಾಯಲ್ಲಿದ್ದ ಆ ಉಬ್ಬು ಬಿರಡೆಯನ್ನು ಒಳಗೆ ಬಿಡಲಿಲ್ಲ. ಉಬ್ಬು ದಾಟಲೆಂದು ಬಿರಡೆಯ ಮೈಮೇಲೆ ಉದ್ದಕ್ಕೆ ಒಂದು ಕಚ್ಚು ಅರದಲ್ಲಿ ಉಜ್ಜಿದೆ. ಸೊಟ್ಟಗಾಯಿತು, ಕೊನೆಯಲ್ಲಿ ಸ್ವಲ್ಪ ಎಡಕ್ಕೆ ಹೋಯಿತು. ಕೆಲಸ ಆಯಿತಲ್ಲ ಎಂದುಕೊಂಡೆ.

ಮೊದಲ ಪಿನ್ನು ಠಕ್ಕೆಂದು ತಾಗಿ ನಿಂತಾಗ ಆದ ಸಂತೋಷ ಹಂಚಿಕೊಳ್ಳಲು ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ತೋರಿಸಬೇಕೆನಿಸಿದ್ದು ಒಬ್ಬರಿಗೇ. ಕುಮಟೆಯಲ್ಲಿರುವ ನನ್ನ ಮೇಸ್ತ್ರಿಗೆ.

ಲೇತ್ ಹಿಡಿಯಲು ನನಗೆ ಕಲಿಸಿದವರು ಅವರು. ಅವರ ಬಾಯಿಂದ ಒಳ್ಳೆಯ ಮಾತು ಬಂದದ್ದನ್ನು ನಾವು ಶಿಷ್ಯರು ಯಾರೂ ಕೇಳಿದವರಲ್ಲ. ತಪ್ಪಾದರೆ ಬೈಗುಳ, ಸರಿಯಾದರೆ ಮೌನ. ಆ ಮೌನಕ್ಕಾಗಿ ನಾವು ಸಾಯುತ್ತಿದ್ದೆವು. ಅವರ ಶಿಷ್ಯರಲ್ಲಿ ಒಂದು ಪದ್ಧತಿ ಇತ್ತು. ಆಯುಧ ಪೂಜೆಯ ಬೆಳಿಗ್ಗೆ ಯಾರು ಎಲ್ಲಿ ಅಂಗಡಿ ಹಾಕಿದ್ದರೂ ತಮ್ಮ ಅಳತೆಯ ವರ್ನಿಯರ್ ತೆಗೆದುಕೊಂಡು ಕುಮಟೆಗೆ ಹೋಗಬೇಕು. ಮೇಸ್ತ್ರಿ ತಮ್ಮ ಕೈಯಾರೆ ಅದಕ್ಕೆ ಕುಂಕುಮ ಇಡಬೇಕು. ಆಮೇಲೆಯೇ ನಮ್ಮ ನಮ್ಮ ಯಂತ್ರದ ಪೂಜೆ. ನಾನು ಒಂದು ವರ್ಷವೂ ತಪ್ಪಿಸಿರಲಿಲ್ಲ.

ಸ್ಟಾಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಳೆಯಲ್ಲೇ ಹೋದೆ. ಮೇಸ್ತ್ರಿ ಕನ್ನಡಕ ಮೇಲೆ ಮಾಡಿ ತಿರುಗಿಸಿ ನೋಡಿದರು.

“ಎಂತದಾ ಇದು? ಅಳತೆ ಮಾಡೂಕೆ ಬೇಜಾರು ಬಂದವರ ಆಟದ ಸಾಮಾನಾ?”

ನಾನು ವಿವರಿಸಲು ಹೋದೆ. ಅವರು ಕೈ ಅಡ್ಡ ಹಿಡಿದರು. “ಆತು, ಇಟ್ಟು ಹೋಗು. ಪುರಸೊತ್ತಾದಾಗ ನೋಡ್ತೆ.”

ಕೆಲವು ದಿನ ಬಿಟ್ಟು ಹೋದಾಗ ಅದು ಕಿಟಕಿಯ ಮೇಲೆ ಧೂಳು ಹಿಡಿದು ಕೂತಿತ್ತು. “ತಗೊಂಡು ಹೋಗು ಮಾರಾಯ, ಇದೆಲ್ಲ ನಮಗೆ ಬೇಡ,” ಎಂದರು. ಬಸ್ಸಿನಲ್ಲಿ ಬರುವಾಗ ಅಳು ಬರುವಷ್ಟು ಅವಮಾನವಾಯಿತು. ಆದರೂ ಅವರ ಮೇಲೆ ಸಿಟ್ಟು ಬರಲಿಲ್ಲ. ಇನ್ನೂ ಚೆನ್ನಾಗಿ ಮಾಡಬೇಕಿತ್ತು ಎಂದು ನನ್ನ ಮೇಲೇ ಬಂತು.

ಆ ವರ್ಷದ ಆಯುಧ ಪೂಜೆಗೆ ವರ್ನಿಯರ್ ಜೊತೆ ಸ್ಟಾಪನ್ನೂ ಚೀಲದಲ್ಲಿ ಹಾಕಿಕೊಂಡೆ. ಹೊಳೆಯುವ ಹಾಗೆ ತಿಕ್ಕಿದ್ದೆ. ಹೊಗಳುವುದು ಬೇಡ, ಒಂದು ಬೊಟ್ಟು ಕುಂಕುಮ ಇಟ್ಟರೆ ಸಾಕು, ಒಪ್ಪಿಕೊಂಡ ಹಾಗೆ ಎಂಬ ಆಸೆ.

ಮೇಸ್ತ್ರಿಯ ಅಂಗಡಿಯಲ್ಲಿ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಹತ್ಯಾರುಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು, ಮೇಲೆ ಚೆಂಡುಹೂವು. ಸಾಲಿನ ಮುಂದೆ, ಎಲ್ಲರಿಗೂ ಕಾಣುವಂತೆ, ಸ್ಪಿಂಡಲ್ ಸ್ಟಾಪುಗಳು. ಒಂದಲ್ಲ, ದೊಡ್ಡದು ಚಿಕ್ಕದು ಸೇರಿ ಇಡೀ ಒಂದು ಸಂಸಾರ. ಹೊನ್ನಾವರದ ಬೋಟಿನ ಯಜಮಾನರೊಬ್ಬರು ಒಂದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಪ್ರತಿಯೊಂದರ ಮೈಮೇಲೂ ಉದ್ದಕ್ಕೆ ಒಂದು ಕಚ್ಚು. ಕೊನೆಯಲ್ಲಿ ಸ್ವಲ್ಪ ಎಡಕ್ಕೆ.

“ಈ ಕಚ್ಚು ಎಂತಕ್ಕೆ ಮೇಸ್ತ್ರಿ?” ಎಂದು ಯಜಮಾನರು ಕೇಳಿದರು.

“ಅದು ಎಣ್ಣೆ ಇಳಿಯೂಕೆ. ಸುಮಾರು ತಲೆ ಖರ್ಚು ಮಾಡಿದೆ ಅದಕ್ಕೆ.” ಅಷ್ಟರಲ್ಲಿ ನನ್ನನ್ನು ಕಂಡರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಬಾರಾ. ಇವ ನಮ್ಮ ಮಂಕಿ ಶಿಷ್ಯ. ನನ್ನದು ನೋಡ್ಕಂಡು ಇವನೂ ಒಂದು ಮಾಡ್ಕಂಡಿದಾನೆ.”

ಬೇರೆಯವರು ಕದ್ದಿದ್ದರೆ ಜಗಳಾಡುತ್ತಿದ್ದೆ, ಅದು ನನಗೆ ಬರುತ್ತದೆ. ಇವರು ಕೇಳಿದ್ದರೆ ನಾನೇ ಕೂತು ಎಲ್ಲ ಮಾಡಿಕೊಡುತ್ತಿದ್ದೆ, ನಿಮ್ಮದೇ ಎಂದು ಹೇಳಿಕೊಳ್ಳಿ ಎಂದೂ ಹೇಳುತ್ತಿದ್ದೆನೇನೋ. ಆಟದ ಸಾಮಾನು ಎಂದು ಹೇಳಿ ನನ್ನನ್ನು ಮಳೆಯಲ್ಲಿ ವಾಪಸು ಕಳಿಸಿದ್ದರಲ್ಲ, ಅದನ್ನು ಮಾತ್ರ ಕ್ಷಮಿಸಲಾಗಲಿಲ್ಲ.

ಅವರು ಕುಂಕುಮದ ಬೆರಳು ಚಾಚಿ ನಿಂತಿದ್ದರು. ಅಭ್ಯಾಸಬಲದಿಂದ ವರ್ನಿಯರ್ ಮುಂದೆ ಹಿಡಿದೆ, ಬೊಟ್ಟು ಇಟ್ಟರು. ಸ್ಟಾಪು ಚೀಲದಲ್ಲೇ ಉಳಿಯಿತು.

“ಮೇಸ್ತ್ರಿ, ಆ ಕಚ್ಚು ಎಣ್ಣೆಗಲ್ಲ,” ಎಂದೆ.

ಯಜಮಾನರು ಅತ್ತ ತೆಂಗಿನಕಾಯಿ ಒಡೆಯುವವರ ಕಡೆ ಹೋಗಿದ್ದರು. ಮೇಸ್ತ್ರಿ ಕನ್ನಡಕ ಮೇಲೆ ಮಾಡಿ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದರು, “ಮತ್ತೆಂತಕ್ಕಾ?”

ನಿಜವಾಗಿ ಕೇಳುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನನ್ನ ಲೇತ್ ಬಿದ್ದ ಕತೆ ನಾಲಿಗೆಯ ತುದಿಗೆ ಬಂದಿತ್ತು.

“ನನಗೆಂತ ಗೊತ್ತು ಮೇಸ್ತ್ರಿ,” ಎಂದೆ. “ನಾನು ನಿಮ್ಮದು ನೋಡಿ ಮಾಡಿದ್ದಲ್ಲವಾ?”

ಅವರು ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನು ಮೇಜಿನ ಮೇಲಿಟ್ಟು ಹೂವು ಸರಿಮಾಡತೊಡಗಿದರು. ಪ್ರಸಾದ ತೆಗೆದುಕೊಳ್ಳದೆ ಹೊರಬಿದ್ದೆ. ಆಮೇಲೆ ಆಯುಧ ಪೂಜೆಗೆ ಕುಮಟೆಗೆ ಹೋಗಿಲ್ಲ. ಅವರೂ ಕರೆದಿಲ್ಲ.

ಮೊನ್ನೆ ಹೊನ್ನಾವರದಲ್ಲಿ ಹೊಸದಾಗಿ ಅಂಗಡಿ ಹಾಕಿದವರೊಬ್ಬರು ತಮ್ಮ ಸ್ಪಿಂಡಲ್ ಸ್ಟಾಪ್ ತೋರಿಸಿದರು. ಕುಮಟೆಯ ಮೇಸ್ತ್ರಿಯದು ನೋಡಿ ಮಾಡಿದ್ದಂತೆ. ಅವರ ಲೇತ್ ಹೊಚ್ಚ ಹೊಸದು, ಸ್ಪಿಂಡಲ್ಲಿನ ಬಾಯಿ ಕನ್ನಡಿಯ ಹಾಗೆ ನುಣ್ಣಗಿದೆ. ಬಿರಡೆಯ ಮೇಲೆ ಉದ್ದಕ್ಕೆ ಕಚ್ಚು, ಕೊನೆಯಲ್ಲಿ ಎಡಕ್ಕೆ ಸ್ವಲ್ಪ ಸೊಟ್ಟ.

“ಈ ಸೊಟ್ಟ ಉಜ್ಜೂದೇ ಕಷ್ಟ ಆತು ನೋಡಿ,” ಎಂದರು.