ಡೇ ಸೆಂಟರ್ ಮುಚ್ಚಿದ ವರ್ಷದ ಬಜೆಟ್

ಮಾವ ತೀರಿಕೊಂಡ ಮರುವರ್ಷ ಅತ್ತೆ ನಮ್ಮಲ್ಲಿಗೆ ಬಂದರು. ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ಪಶ್ಚಿಮ ಲಂಡನ್ನಿನ ಒಂದು ಸಾಲುಮನೆಯಲ್ಲಿದ್ದೆವು. ಗಂಡನಿಗೆ ಫೆಲ್ಥಮ್ ಕಡೆ ವಿಮಾನದ ಸರಕಿನ ಗೋದಾಮಿನಲ್ಲಿ ಪಾಳಿ ಕೆಲಸ, ನನಗೆ ಒಂದು ಶಾಲೆಯ ಆಫೀಸಿನಲ್ಲಿ. ನಾವಿಬ್ಬರೂ ಹೊರಟ ಮೇಲೆ ಅತ್ತೆ ಮುಂದಿನ ಕೋಣೆಯ ಪರದೆ ಸರಿಸಿ ಕೂರುತ್ತಿದ್ದರು. ಸಂಜೆ ನಾನು ಬಂದಾಗಲೂ ಅಲ್ಲೇ ಇರುತ್ತಿದ್ದರು.

"ಏನ್ರಿ ಅತ್ತಿ, ಏನ್ ನೋಡಿದ್ರಿ ಇವತ್ತು?" ಎಂದರೆ, "ಪೋಸ್ಟಿನಾಂವ ಬಂದಿದ್ದ. ಒಂದು ಬೆಕ್ಕು ಹ್ವಾತು. ಮುಂದ ಯಾರೂ ಇಲ್ಲ," ಎನ್ನುತ್ತಿದ್ದರು.

ಇದೇ ಹೆಂಗಸು ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಮಂಡಲ ಪಂಚಾಯಿತಿಗೆ ಆರಿಸಿ ಬಂದಿದ್ದವರು. ಹೆಣ್ಣುಮಕ್ಕಳಿಗೆ ಜಾಗ ಮೀಸಲಿಟ್ಟಿದ್ದಾರೆ, ಯಾರಾದರೂ ನಿಲ್ಲಲೇಬೇಕು ಎಂದು ಊರವರು ಇವರನ್ನು ನಿಲ್ಲಿಸಿದ್ದರಂತೆ. ಸುಮ್ಮನೆ ಹೆಬ್ಬೆಟ್ಟು ಒತ್ತಿ ಎದ್ದು ಹೋಗುತ್ತಾರೆ ಎಂದುಕೊಂಡಿದ್ದವರಿಗೆಲ್ಲ ಸಭೆಯ ಮಧ್ಯೆ ಎದ್ದು ನಿಂತು ಪ್ರಶ್ನೆ ಕೇಳಿ ಬೆವರಿಳಿಸಿದರು ಎಂದು ನನ್ನ ಗಂಡ ಹೆಮ್ಮೆಯಿಂದ ಹೇಳುತ್ತಿದ್ದ. ಅಂಥವರು ಕಿಟಕಿಯ ಪಕ್ಕ ಕೂತು ದಿನೇದಿನೇ ಸಣ್ಣಗಾಗುವುದನ್ನು ನೋಡಲಾಗುತ್ತಿರಲಿಲ್ಲ.

ಕೊನೆಗೆ ನಮ್ಮ ಬಡಾವಣೆಯ ಡಾಕ್ಟರೇ ದಾರಿ ತೋರಿಸಿದರು. ಇಲ್ಲಿಯ ನಗರಸಭೆ, ಅಂದರೆ ಕೌನ್ಸಿಲ್, ನಡೆಸುವ ವಯಸ್ಸಾದವರ ಡೇ ಸೆಂಟರ್ ಒಂದು ಲೈಬ್ರರಿಯ ಹಿಂದೆ ಇತ್ತು. ತಗ್ಗು ಚಾವಣಿಯ ಹಳೆಯ ಕಟ್ಟಡ. ಬೆಳಿಗ್ಗೆ ಮಿನಿಬಸ್ ಮನೆ ಬಾಗಿಲಿಗೆ ಬರುತ್ತಿತ್ತು, ಮಧ್ಯಾಹ್ನ ಬಿಸಿ ಊಟ, ಮೂರು ಗಂಟೆಗೆ ಮತ್ತೆ ಮನೆ. ಮೊದಲ ವಾರ ಅತ್ತೆ ಬೇಯಿಸಿದ ಆಲೂಗಡ್ಡೆಯನ್ನು ಶಪಿಸುತ್ತಾ ಬಂದರು. ಎರಡನೇ ತಿಂಗಳಿಗೆ ಅಲ್ಲಿಯ ಅಡುಗೆಯವಳಿಗೆ ಬೇಳೆಗೆ ಒಗ್ಗರಣೆ ಕೊಡುವುದನ್ನು ಕಲಿಸಿದ್ದರು. ಒಬ್ಬ ಐರಿಶ್ ವಿಧವೆಯ ಜೊತೆ ಗೆಳೆತನವೂ ಆಯಿತು. ಇವರಿಗೆ ಇಂಗ್ಲಿಷ್ ಬಾರದು, ಆಕೆಗೆ ಕನ್ನಡ ಬಾರದು. ಅತ್ತೆ ಆಕೆಯನ್ನು ಬಿಳಿಯಕ್ಕ ಎನ್ನುತ್ತಿದ್ದರು. ಇಬ್ಬರೂ ಒಂದೇ ಮೇಜಿಗೆ ಕೂತು ಉಲ್ಲನ್ ಹೆಣೆಯುತ್ತಾ, ತಂತಮ್ಮ ಭಾಷೆಯಲ್ಲಿ ತಂತಮ್ಮ ಗಂಡಂದಿರನ್ನು ಬೈದುಕೊಳ್ಳುತ್ತಿದ್ದರಂತೆ. "ಮಾತ್ ತಿಳೀಬೇಕಂತೇನಿಲ್ಲ. ಆಕಿ ದನಿ ಕೇಳಿದ್ರ ಗೊತ್ತಾಗತೈತಿ," ಎಂದಿದ್ದರು ನನಗೆ.

ನಮ್ಮ ವಾರ್ಡಿನ ಕೌನ್ಸಿಲರ್ ಕನ್ನಡಿಗರೇ. ಕುಂದಾಪುರದ ಕಡೆಯವರು, ಟ್ರಾವೆಲ್ ಏಜೆನ್ಸಿ ಇಟ್ಟುಕೊಂಡಿದ್ದರು. ಅವರು ಚುನಾವಣೆಗೆ ನಿಂತಾಗ ನಾವು ನಾಲ್ಕಾರು ಕನ್ನಡದ ಮನೆಗಳವರು ಚಳಿಯಲ್ಲಿ ಬೀದಿ ಬೀದಿ ಅಲೆದು ಕರಪತ್ರ ಹಂಚಿದ್ದೆವು. ಭಾರತದ ಪಾಸ್‌ಪೋರ್ಟಿನವರಿಗೂ ಇಲ್ಲಿ ವೋಟಿದೆ, ಮುಂದಿನ ಚುನಾವಣೆಗೆ ಅತ್ತೆಯೂ ಹಾಕಬಹುದು ಎಂದು ತಿಳಿದಾಗ ಅವರೇ ಮನೆಗೆ ಬಂದು ಹೆಸರು ನೋಂದಾಯಿಸಿದರು. ಅತ್ತೆಗೆ ಅವರ ಮೇಲೆ ಅಭಿಮಾನ. "ನಮ್ಮ ಹುಡುಗ ಬಿಳಿ ಮಂದಿ ಸಭಾದಾಗ ಕುಂದರತಾನಲ್ಲ," ಎನ್ನುತ್ತಿದ್ದರು, ಐವತ್ತು ದಾಟಿದ ಆ ಮನುಷ್ಯನನ್ನು.

ಒಂದು ಚಳಿಗಾಲ, ಕ್ರಿಸ್‌ಮಸ್ ರಜೆ ಮುಗಿದ ಮೇಲೆ, ಮಿನಿಬಸ್ಸಿನ ಡ್ರೈವರ್ ನನ್ನನ್ನು ಬದಿಗೆ ಕರೆದು, ಬರುವ ಬಜೆಟ್ಟಿನಲ್ಲಿ ಸೆಂಟರನ್ನು ಮುಚ್ಚುತ್ತಾರಂತೆ ಎಂದ. ಆ ಸಂಜೆಯೇ ಕೌನ್ಸಿಲರಿಗೆ ಫೋನ್ ಮಾಡಿದೆ. ಅವರು ಭಾನುವಾರ ಮನೆಗೆ ಬಂದರು.

"ಮಾತು ನಿಜ ಅಮ್ಮ," ಎಂದರು ಅತ್ತೆಯ ಎದುರು ಕೂತು. "ಈ ಕೌನ್ಸಿಲಿನ ದುಡ್ಡಲ್ಲಿ ನಾವು ಕಟ್ಟುವ ಟ್ಯಾಕ್ಸ್ ಅಂದ್ರೆ ಸ್ವಲ್ಪವೇ. ಹೆಚ್ಚಿನದ್ದು ಸರ್ಕಾರದಿಂದ ಬರೋದು. ಈ ಸಲ ಅವ್ರು ಕೈ ಬಿಗಿ ಮಾಡಿದ್ದಾರೆ. ನಾವೇ ಟ್ಯಾಕ್ಸ್ ಏರಿಸುವ ಅಂದ್ರೆ ಅದಕ್ಕೂ ಮಿತಿ ಹಾಕಿ ಕೂತಿದ್ದಾರೆ. ಶಾಲೆ, ದಿಕ್ಕಿಲ್ಲದ ಮಕ್ಕಳು, ಕಸ, ಇವೆಲ್ಲ ಕಾನೂನು ಪ್ರಕಾರ ಮಾಡ್ಲೇಬೇಕು. ಡೇ ಸೆಂಟರ್ ಹಾಗಲ್ಲ. ಕತ್ತರಿ ಹಾಕ್ಲಿಕ್ಕೆ ಉಳಿಯೋದು ಇಂಥದ್ದೇ."

"ನಮ್ಮ ಪಂಚಾಯ್ತ್ಯಾಗೂ ಹಿಂಗ ಇತ್ತಪಾ," ಎಂದರು ಅತ್ತೆ. "ರೊಕ್ಕ ಬರೂದ್ರಾಗ ಇದಕ್ಕಿಷ್ಟು ಅದಕ್ಕಿಷ್ಟು ಅಂತ ಮ್ಯಾಲಿನವ್ರು ಬರದ ಕಳಸ್ತಿದ್ರು. ನಮ್ಮ ಕೈಯಾಗ ಉಳೀತಿದ್ದದ್ದು ಗಟಾರ, ದೀಪದ ಕಂಬ, ಅಷ್ಟ. ಅದಕ್ಕ ಜಗಳಾ ಆಡ್ತಿದ್ವಿ."

ಕೌನ್ಸಿಲರ್ ಜೋರಾಗಿ ನಕ್ಕರು. ಹೊರಡುವಾಗ ಅತ್ತೆಯ ಕಾಲು ಮುಟ್ಟಿ, "ನಾನಿರುವಷ್ಟು ದಿನ ಆ ಬಾಗಿಲು ಮುಚ್ಚಲಿಕ್ಕೆ ಬಿಡೂದಿಲ್ಲ. ಆದರೆ ನಿಮ್ಮ ಸಹಾಯ ಬೇಕು," ಎಂದರು.

ಸಹಾಯವೆಂದರೆ ಸಹಿ ಸಂಗ್ರಹ. ಸಾಕಷ್ಟು ಸಹಿಗಳಿದ್ದರೆ ಬಜೆಟ್ಟಿನ ಸಭೆಯಲ್ಲಿ ಊರವರೊಬ್ಬರು ಐದು ನಿಮಿಷ ಮಾತಾಡಬಹುದಿತ್ತು. ಫೆಬ್ರವರಿಯ ಆ ಶನಿವಾರಗಳನ್ನು ನಾನು ಮರೆಯಲಾರೆ. ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಅತ್ತೆ ಸೀರೆಯ ಮೇಲೆ ನನ್ನ ಗಂಡನ ದಪ್ಪ ಕೋಟು ಹಾಕಿಕೊಂಡು ಗಾಲಿಕುರ್ಚಿಯ ಬಿಳಿಯಕ್ಕನ ಪಕ್ಕ ನಿಲ್ಲುತ್ತಿದ್ದರು. ಹೋಗಿಬರುವವರಿಗೆಲ್ಲ "ಪ್ಲೀಸ್, ಪ್ಲೀಸ್" ಎನ್ನುತ್ತಾ ಪೆನ್ನು ಚಾಚುತ್ತಿದ್ದರು. ಆ ಒಂದು ಶಬ್ದವನ್ನು ಅದಕ್ಕಾಗಿಯೇ ಕಲಿತಿದ್ದರು. ಕಿಟಕಿಯ ಪಕ್ಕ ಕೂತಿದ್ದ ಹೆಂಗಸು ಹೋಗಿ ನನ್ನ ಗಂಡ ಹೇಳುತ್ತಿದ್ದ ಹೆಂಗಸು ನನ್ನ ಕಣ್ಣೆದುರಿಗೆ ಬಂದಂತಾಗಿತ್ತು.

ಸಭೆಯಲ್ಲಿ ಅತ್ತೆಯೇ ಮಾತಾಡಲಿ, ನೀವು ಇಂಗ್ಲಿಷಿಗೆ ಹೇಳಿ ಎಂದು ಸೂಚಿಸಿದವರು ಕೌನ್ಸಿಲರೇ. ಸಭೆಯ ಹಿಂದಿನ ಸಂಜೆ ಅವರು ಮತ್ತೆ ಬಂದರು. ಅತ್ತೆ ನಿಂತು ಮಾತಾಡಿದರು, ನಾನು ಇಂಗ್ಲಿಷಿನಲ್ಲಿ ಹೇಳಿದೆ, ಅವರು ಸೋಫಾದ ಮೇಲೆ ಕೂತು ಕೇಳಿದರು. "ದುಡ್ಡಿನ ವಿಷಯ ಬೇಡ, ಅದನ್ನು ಹೇಳಲಿಕ್ಕೆ ಆಫೀಸರುಗಳಿದ್ದಾರೆ. ಊಟದ ವಿಷಯ ಹೇಳಿ. ಆ ಬಿಳಿಯಕ್ಕನ ವಿಷಯ ಹೇಳಿ, ಎಲ್ಲರ ಮನಸ್ಸು ಕರಗ್ತದೆ," ಎಂದು ತಿದ್ದಿದರು. ಅತ್ತೆ ಮತ್ತೊಮ್ಮೆ ಹೇಳಿ ತೋರಿಸಿದರು. ಅವರು ಮಂಡಕ್ಕಿ ಚುರುಮುರಿ ತಿಂದು, ಚಹಾ ಕುಡಿದು, "ಚಂದ ಆಯ್ತು ಅಮ್ಮ," ಎಂದು ಹೋದರು.

ಟೌನ್ ಹಾಲಿನ ಸಭಾಂಗಣದಲ್ಲಿ ಕಂದು ಮರದ ಬೆಂಚುಗಳು ಅರ್ಧ ಚಂದ್ರಾಕಾರದಲ್ಲಿ ಇದ್ದವು. ಮೇಯರ್ ಕೊರಳಿಗೆ ಸರಪಳಿ ಹಾಕಿಕೊಂಡು ಮೇಲೆ ಕೂತಿದ್ದರು. ಅತ್ತೆ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು ಮಾತು ಶುರುಮಾಡಿದರು.

"ನನ್ನ ಮಗಾ ಸೊಸಿ ನನ್ನ ಚಂದಂಗ ನೋಡ್ಕೋತಾರ್ರಿ. ಮನ್ಯಾಗ ಊಟಕ್ಕ ಕಡಿಮಿ ಇಲ್ಲ. ಆದ್ರ ಒಬ್ಬಾಕಿನ ಕುಂತ ಉಂಡ್ರ ಅದು ಊಟ ಅಲ್ರಿ, ಹೊಟ್ಟಿ ತುಂಬಿಸೂದು. ಸೆಂಟರಿನ್ಯಾಗ ಈ ಬಿಳಿಯಕ್ಕ ನನ್ನ ಎದುರಿಗೆ ಕುಂದರತಾಳ. ನಾ ಒಂದಿನ ಬರಲಿಲ್ಲಂದ್ರ ಈಕಿ ಎಲ್ಲಿ ಅಂತ ಕೇಳ್ತಾಳ. ನಿಮ್ಮ ಊರಾಗ ನಾ ಎಲ್ಲಿ ಅಂತ ಕೇಳೂ ಹೊರಗಿನಾಕಿ ಅಂದ್ರ ಈಕಿ ಒಬ್ಬಾಕಿನ."

ನಾನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಾಗ ಎರಡೂ ಪಕ್ಷದವರು ಚಪ್ಪಾಳೆ ತಟ್ಟಿದರು. ನಮ್ಮ ಕೌನ್ಸಿಲರೂ ತಟ್ಟಿದರು. ನಮ್ಮನ್ನು ಮೇಲಿನ ಗ್ಯಾಲರಿಗೆ ಕಳಿಸಿದರು. ಬಿಳಿಯಕ್ಕನ ಗಾಲಿಕುರ್ಚಿಗೆ ಅಲ್ಲಿಗೆ ಲಿಫ್ಟ್ ಇರಲಿಲ್ಲ, ಆಕೆ ಕೆಳಗೆ ಬಾಗಿಲ ಬಳಿಯೇ ಉಳಿದಳು.

ಭಾಷಣಗಳು ಬಹಳ ಹೊತ್ತು ನಡೆದವು. ಕೊನೆಗೆ ಎದುರು ಪಕ್ಷದ ಒಬ್ಬ ವಯಸ್ಸಾದ ಹೆಂಗಸು ಎದ್ದು ತಿದ್ದುಪಡಿ ತಂದರು: ಕೌನ್ಸಿಲ್ ತನ್ನ ಹೊಗಳಿಕೆಗೆ ಅಚ್ಚು ಹಾಕಿಸುವ ಪತ್ರಿಕೆಯನ್ನು ನಿಲ್ಲಿಸೋಣ, ಆ ಹಣದಲ್ಲಿ ಡೇ ಸೆಂಟರನ್ನು ಉಳಿಸೋಣ. ಒಪ್ಪುವವರು ಕೈ ಎತ್ತಿ ಎಂದರು ಮೇಯರ್. ನಾನು ನಮ್ಮ ಕೌನ್ಸಿಲರ ಕೈಯನ್ನೇ ನೋಡುತ್ತಿದ್ದೆ. ಅದು ಮೇಜಿನ ಮೇಲೆಯೇ ಇತ್ತು. ಒಪ್ಪದವರು ಎಂದರು. ಆಗ ಎದ್ದಿತು. ಅರ್ಧ ಎದ್ದ ಕೈಯಲ್ಲ, ಪೂರ್ತಿ ನೆಟ್ಟಗೆ. ಕಣ್ಣು ಮಾತ್ರ ಎದುರಿನ ಕಾಗದದ ಮೇಲಿತ್ತು.

"ಏನಾತು?" ಎಂದರು ಅತ್ತೆ.

ನಾನು ಹೇಳುವ ಮೊದಲೇ ಅವರೇ ಕೆಳಗೆ ನೋಡಿ, ಕೈಗಳನ್ನು ನೋಡಿ, "ಹ್ವಾತು ಅನ್ನು," ಎಂದು ಸೆರಗು ಹೊದ್ದುಕೊಂಡರು.

ಹೊರಗೆ ಮೆಟ್ಟಿಲ ಮೇಲೆ ತಿದ್ದುಪಡಿ ತಂದ ಹೆಂಗಸು ನನ್ನ ಬಳಿ ಬಂದರು. ಬೇಸರ ಮಾಡಿಕೊಳ್ಳಬೇಡಿ, ಇದು ಸೋಮವಾರವೇ ಮುಗಿದ ಮಾತು ಎಂದರು. ಆಳುವ ಪಕ್ಷದವರೆಲ್ಲ, ನಮ್ಮ ಕೌನ್ಸಿಲರೂ ಸೇರಿ, ಸೋಮವಾರ ಬಾಗಿಲು ಹಾಕಿಕೊಂಡು ಕೂತು ಬಜೆಟ್ ತೀರ್ಮಾನಿಸಿದ್ದರಂತೆ. ಅಲ್ಲಿ ತೀರ್ಮಾನವಾದ ಮೇಲೆ ಸಭೆಯಲ್ಲಿ ಯಾರೂ ತಿರುಗಿ ಬೀಳುವಂತಿಲ್ಲವಂತೆ. ಊರವರ ಅಭಿಪ್ರಾಯ ಕೇಳಿದ್ದೇವೆ ಎಂದು ತೋರಿಸಲು ಒಂದು ನಿಯೋಗ ಬಂದು ಮಾತಾಡಿದರೆ ಅವರಿಗೂ ಒಳ್ಳೆಯದೇ ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಸೋಮವಾರ. ಅವರು ನಮ್ಮ ಸೋಫಾದ ಮೇಲೆ ಕೂತು ಅತ್ತೆಯ ಮಾತನ್ನು ತಿದ್ದಿದ್ದು ಮಂಗಳವಾರ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಆತ ಬೂಟು ಬಿಚ್ಚುತ್ತಾ, "ರಾಜಕೀಯದವರ ಹಣೆಬರಹಾನ ಅಷ್ಟು," ಎಂದ. ನನಗೆ ಅಷ್ಟಕ್ಕೇ ಮುಗಿಸಲಾಗಲಿಲ್ಲ. ಎರಡು ದಿನ ಕೌನ್ಸಿಲರಿಗೆ ಫೋನ್ ಮಾಡಿದೆ. ಟ್ರಾವೆಲ್ ಏಜೆನ್ಸಿಯ ಹುಡುಗಿ ಪ್ರತಿ ಸಲವೂ ಅವರು ಹೊರಗೆ ಹೋಗಿದ್ದಾರೆ ಎಂದಳು.

ಆಮೇಲೆ ಯುಗಾದಿ ಬಂತು. ನಾವು ಕನ್ನಡದವರೆಲ್ಲ ಸೇರುತ್ತಿದ್ದದ್ದು ಕೌನ್ಸಿಲಿನ ಕಮ್ಯುನಿಟಿ ಹಾಲಿನಲ್ಲಿ. ನಮ್ಮಂಥ ಸಣ್ಣ ಗುಂಪುಗಳಿಗೆ ಬಾಡಿಗೆಯಲ್ಲಿ ರಿಯಾಯಿತಿ ಇತ್ತು. ಅತ್ತೆ ಬರುವುದಿಲ್ಲ ಎನ್ನಬಹುದು ಎಂದುಕೊಂಡಿದ್ದೆ. ಇಳಕಲ್ ಸೀರೆ ಉಟ್ಟು ನನಗಿಂತ ಮೊದಲೇ ತಯಾರಾಗಿ ನಿಂತಿದ್ದರು.

ಹಾಡು, ಮಕ್ಕಳ ಕುಣಿತ ಮುಗಿದ ಮೇಲೆ ನಮ್ಮ ಸಂಘದ ಕಾರ್ಯದರ್ಶಿ ಮೈಕಿನ ಮುಂದೆ ಬಂದರು. "ಈ ವರ್ಷ ಎಲ್ಲ ಕಡೆ ಕಟ್ ಆಗಿದೆ. ಆದರೆ ನಮ್ಮ ಹಾಲಿನ ರಿಯಾಯಿತಿ ಹಾಗೇ ಉಳಿದಿದೆ. ಅದನ್ನು ಉಳಿಸಿಕೊಟ್ಟವರು ನಮ್ಮ ಹೆಮ್ಮೆಯ ಕೌನ್ಸಿಲರ್," ಎಂದರು. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ನನಗೆ ಆಗ ತಿಳಿಯಿತು. ಮುಚ್ಚಿದ ಬಾಗಿಲ ಹಿಂದೆ ಯಾರು ಯಾವುದನ್ನು ಬಿಟ್ಟುಕೊಟ್ಟು ಯಾವುದನ್ನು ಉಳಿಸಿಕೊಂಡರು ಎಂಬುದು. ಅತ್ತೆಯ ಮಧ್ಯಾಹ್ನಗಳನ್ನು ಕೊಟ್ಟು ನಮ್ಮ ಹಬ್ಬದ ಸಂಜೆಗಳನ್ನು ಕೊಂಡಿದ್ದರು. ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ನನ್ನ ಜೊತೆ ನಿಂತು ಸಹಿ ಕೇಳಿದ್ದ ಇಬ್ಬರು ಗೆಳತಿಯರು ಮುಂದಿನ ಸಾಲಿನಲ್ಲಿ ಕೂತು ಎಲ್ಲರಂತೆ ಚಪ್ಪಾಳೆ ತಟ್ಟುತ್ತಿದ್ದರು. ಅದು ಕೌನ್ಸಿಲರು ಎತ್ತಿದ ಕೈಗಿಂತ ಹೆಚ್ಚು ಚುಚ್ಚಿತು.

"ಅವರಿಗೆ ನಮ್ಮ ನಡುವಿನ ಹಿರಿಯರು ಶಾಲು ಹೊದಿಸಬೇಕು," ಎಂದು ಕಾರ್ಯದರ್ಶಿ ಅತ್ತೆಯ ಕಡೆ ಕೈ ತೋರಿಸಿದರು. ಅತ್ತೆ ಏಳಲಿಲ್ಲ. "ಮೊಣಕಾಲು ಏಳಗೊಡವಲ್ಲವ್ರಿ, ಬ್ಯಾರೆಯವ್ರು ಹೊಚ್ಚಲಿ," ಎಂದರು. ಹಾಲಿನ ಮೆಟ್ಟಿಲುಗಳನ್ನು ಅವರು ನನ್ನ ಕೈ ಹಿಡಿಯದೆ ಹತ್ತಿ ಬಂದದ್ದನ್ನು ಬಹಳ ಜನ ನೋಡಿದ್ದರು.

ಊಟದ ಹೊತ್ತಿಗೆ ಕೌನ್ಸಿಲರ್ ಕುರ್ಚಿ ಎಳೆದುಕೊಂಡು ಅತ್ತೆಯ ಪಕ್ಕಕ್ಕೆ ಬಂದರು. ಶಾಲು ಇನ್ನೂ ಹೆಗಲ ಮೇಲಿತ್ತು.

"ಸಿಟ್ಟಾ ಅಮ್ಮ ನನ್ನ ಮೇಲೆ?"

"ಕೈ ಎತ್ತಿದ್ದಕ್ಕ ಸಿಟ್ಟಿಲ್ಲಪಾ. ಪಾರ್ಟಿ ಅಂದ ಮ್ಯಾಲ ಪಾರ್ಟಿ ಮಾತು ಕೇಳಬೇಕಾಗತೈತಿ. ನಮ್ಮ ಓಣಿ ಗಟಾರಕ್ಕಿಟ್ಟ ರೊಕ್ಕಾ ಸಾಲಿ ಮಾಳಗಿಗೆ ಹ್ವಾದಾಗ ನಾನೂ ಹೂಂ ಅಂದೀನಿ. ಆದ್ರ ಸಭಾಕ್ಕಿಂತ ಮೊದಲ ಮನಿಮನಿಗೆ ಹೋಗಿ ಹೇಳಿ ಬಂದಿದ್ದೆ, ಈ ವರ್ಷ ಗಟಾರ ಆಗೂದಿಲ್ಲ ಅಂತ. ಬೈದ್ರು. ಬೈಸ್ಕೊಂಡೆ. ನೀ ಏನ್ ಮಾಡಿದಿ? ನನ್ನ ಮನ್ಯಾಗ ಕುಂತು ನನ್ನ ಮಾತು ತಿದ್ದಿದಿ."

"ಹೇಳಿದ್ರೆ ನೀವು ಸಭೆಗೆ ಬರ್ತಿರಲಿಲ್ಲ ಅಮ್ಮ."

"ಬರ್ತಿರಲಿಲ್ಲ. ಆ ಮುದುಕಿನ್ನ ಆ ಥಂಡ್ಯಾಗ ಕುರ್ಚಿ ಮ್ಯಾಲ ದೂಡಿಸ್ಕೊಂಡು ಕರ್ಕೊಂಡ ಬರ್ತಿರಲಿಲ್ಲ."

ಅವರು ಏನೋ ಹೇಳಲು ಹೋದರು. ಅತ್ತೆ ತಟ್ಟೆಯ ಕಡೆ ತಿರುಗಿ ಚಿತ್ರಾನ್ನ ಕಲಸತೊಡಗಿದರು.

ಬೇಸಿಗೆ ಶುರುವಾಗುವ ಹೊತ್ತಿಗೆ ಸೆಂಟರಿನ ಬಾಗಿಲಿಗೆ ಹಲಗೆ ಬಡಿದರು. ಬೇರೆ ಸೆಂಟರಿಗೆ ಹೋಗಬಹುದು ಎಂದು ಕೌನ್ಸಿಲ್ ಹೇಳಿತ್ತು. ಅದು ಕೌನ್ಸಿಲ್ ಪ್ರದೇಶದ ಇನ್ನೊಂದು ತುದಿಯಲ್ಲಿತ್ತು, ಅಲ್ಲಿಗೆ ಮಿನಿಬಸ್ ಇರಲಿಲ್ಲ. ಕೆಲವು ತಿಂಗಳು ಬುಧವಾರಗಳಂದು ಬಿಳಿಯಕ್ಕನನ್ನು ಪಕ್ಕದ ಮನೆಯವರು ಕಾರಿನಲ್ಲಿ ನಮ್ಮಲ್ಲಿಗೆ ತಂದು ಬಿಡುತ್ತಿದ್ದರು. ಅತ್ತೆ ಅವತ್ತು ಉಪ್ಪಿಟ್ಟಿಗೆ ಮೆಣಸಿನಕಾಯಿ ಹಾಕುತ್ತಿರಲಿಲ್ಲ. ಮುಂದಿನ ಚಳಿಗಾಲ ಆಕೆಯ ಅಣ್ಣನ ಮಗ ಆಕೆಯನ್ನು ಸಮುದ್ರತೀರದ ಯಾವುದೋ ಊರಿನ ಕೇರ್ ಹೋಮಿಗೆ ಸೇರಿಸಿದ. ಹೋಗುವ ಮುನ್ನ ಹೇಳಿಹೋಗಲು ಕೂಡ ಆಗಲಿಲ್ಲ. ಪಕ್ಕದ ಮನೆಯವರಿಂದ ನಮಗೆ ತಿಳಿಯಿತು. ಆ ವಾರವಿಡೀ ಅತ್ತೆ ಬುಧವಾರದ ಹೆಸರೆತ್ತಲಿಲ್ಲ.

ಮುಂದಿನ ಚುನಾವಣೆಯಲ್ಲಿ ನಾನು ಕರಪತ್ರ ಹಂಚಲು ಹೋಗಲಿಲ್ಲ. ನಾನಿಲ್ಲದೆಯೂ ಅವರು ಗೆದ್ದರು. ಹೆಚ್ಚು ಮತಗಳಿಂದಲೇ ಗೆದ್ದರು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅತ್ತೆ ತೀರಿಕೊಂಡರು. ಸುದ್ದಿ ತಿಳಿದ ಕೂಡಲೇ ಮೊದಲು ಬಂದವರು ಕೌನ್ಸಿಲರೇ. ಅಸ್ಥಿಯನ್ನು ಊರಿಗೆ ಒಯ್ಯಬೇಕೆಂದಾಗ ಶಾಲಾ ರಜೆಯ ನೂಕುನುಗ್ಗಲಿನಲ್ಲಿ ಎಲ್ಲೂ ಸೀಟಿರಲಿಲ್ಲ. ಅವರು ಅರ್ಧ ದಿನ ಫೋನ್ ಹಿಡಿದು ಕೂತು ನನ್ನ ಗಂಡನಿಗೆ ಟಿಕೆಟ್ ಕೊಡಿಸಿದರು. ನಮ್ಮ ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡರು. ಅದು ನಾಟಕವಾಗಿರಲಿಲ್ಲ, ನಾನು ಹತ್ತಿರದಿಂದ ನೋಡಿದ್ದೇನೆ. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಅಲ್ಲವೆನ್ನಲಾರೆ. ಒಳ್ಳೆಯವರಾಗಿದ್ದದ್ದೇ ನನಗೆ ಕಷ್ಟವಾಗಿತ್ತು. ಕೆಟ್ಟವರಾಗಿದ್ದರೆ ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ.

"ಆ ವರ್ಷ ಅಮ್ಮನಿಗೆ ಒಂದು ಮಾತು ಮೊದಲೇ ಹೇಳಬೇಕಿತ್ತು," ಎಂದರು, ನನ್ನ ಕಡೆ ನೋಡದೆ.

ಇರಲಿ ಬಿಡು ಎಂದು ಹೇಳಬಹುದಾಗಿದ್ದವರು ಈಗ ಇರಲಿಲ್ಲ. ಟಿಕೆಟ್ಟಿಗೆ ಉಪಕಾರವಾಯಿತು ಎಂದೆ. ಅವರು ಕೋಟು ಹಾಕಿಕೊಂಡರು. ಬಾಗಿಲವರೆಗೆ ಹೋಗಿ ಕಳಿಸಿ ಬಂದೆ.