ಗಿಡ್ಡ ಬಾಗಿಲು

ಕೊಟ್ಟೂರಿನಲ್ಲಿ ನಮ್ಮ ಎದುರುಮನೆಯವನಿಗೆ ಬಟ್ಟೆ ಅಂಗಡಿಯಿತ್ತು. ಎತ್ತರವಾಗಬೇಕೆಂದು ಎರಡೂ ಕಾಲಿನ ಎಲುಬು ಕೊಯ್ಸಿಕೊಂಡು, ಸುತ್ತ ಕಬ್ಬಿಣದ ಬಳೆ ಹಾಕಿಸಿಕೊಂಡು ಬಂದಿದ್ದ. ಎಲುಬು ಇಷ್ಟಿಷ್ಟೇ ಬೆಳೆಯಲೆಂದು ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಹಲ್ಲು ಕಚ್ಚಿ, ಆ ಬಳೆಗಳ ಸ್ಕ್ರೂ ತಿರುಗಿಸುತ್ತಿದ್ದ. ನೋಡಲು ಬಂದವರು ಬಿಸ್ಕತ್ತಿನ ಪೊಟ್ಟಣ ಕೈಗಿಟ್ಟು, "ಗಾಡಿ ಮ್ಯಾಲಿಂದ ಬಿದ್ದೇನಪಾ?" ಎನ್ನುತ್ತಿದ್ದರು. ಅವನದು ಒಂದೇ ಮಾತು: "ಎಲುಬು ಕೂಡಾಕತ್ತೈತ್ರಿ."

ಅವನ ತಾಯಿ ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಿದ್ದಳು, ಮಾತು ಮಾತ್ರ ಬಿಟ್ಟಿದ್ದಳು. "ನಾ ಹಡದಷ್ಟು ಸಾಲಲಿಲ್ಲಂತ ಇವಗ" ಎಂದು ನನ್ನೆದುರು ಒಮ್ಮೆ ಅಂದದ್ದಷ್ಟೇ.

ಅವರ ಮನೆಯ ಬಾಗಿಲು ಗಿಡ್ಡ. ಬಂದವರಿಗೆಲ್ಲ ಆಕೆ, "ತಲಿ ಜ್ವಾಕಿ, ಬಗ್ಗಿ ಬರ್ರಿ" ಎನ್ನುವುದು ರೂಢಿ. ಮಗನಿಗೆ ಹಾಗೆ ಹೇಳುವ ಪ್ರಸಂಗ ಎಂದೂ ಬಂದಿರಲಿಲ್ಲ.

ಬಳೆ ತೆಗೆಸಿದ ಮೇಲೆ ಒಂದು ದಿನ ಅವನು ಕೋಲು ಬಿಟ್ಟು, ಕಟ್ಟೆಯಿಂದ ಬಾಗಿಲವರೆಗೆ ತಾನೇ ನಡೆದ. ಒಳಗೆ ಜೋಳ ಹಸನು ಮಾಡುತ್ತಿದ್ದ ತಾಯಿ ಮೊರದಿಂದ ಕಣ್ಣೆತ್ತಿ ಅವನನ್ನೇ ನೋಡಿದಳು.

"ತಲಿ ಜ್ವಾಕಿ, ಬಗ್ಗಿ ಬಾ" ಎಂದಳು.

ಬಾಗಿಲಿಗೂ ಅವನ ತಲೆಗೂ ನಡುವೆ ಇನ್ನೂ ನಾಲ್ಕು ಬೆರಳು ಜಾಗವಿತ್ತು. ಅವನು ಬಗ್ಗಿ ಒಳಗೆ ಹೋದ.