ನೂರಕ್ಕೆ ನೂರು ಬಂದ ವರ್ಷ

ನಮ್ಮ ಹೈಸ್ಕೂಲಿಗೆ ಹತ್ತನೇ ತರಗತಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಬಂದ ವರ್ಷ ಮಧುಗಿರಿಯ ಶಿಕ್ಷಣ ಇಲಾಖೆ ಕಚೇರಿಗೆ ಕರೆಸಿ ನನಗೆ ಶಾಲು ಹೊದಿಸಿದರು. ಆ ಶಾಲು ಕಂಡರೆ ಈಗಲೂ ಮೈ ಉರಿಯುತ್ತದೆ. ಶಾಲು ಏನು ಮಾಡೀತು ಪಾಪ, ಮಾಡಿದವಳು ನಾನು.

ನಾನು ಗಣಿತದ ಟೀಚರ್. ಓದಿನಲ್ಲಿ ಹಿಂದಿರುವ ಮಕ್ಕಳನ್ನು ನಾವು ಶಿಕ್ಷಕರು ಹಂಚಿಕೊಂಡು ‘ದತ್ತು’ ತಗೊಳ್ಳುವ ಪದ್ಧತಿ ನಮ್ಮಲ್ಲುಂಟು. ನನ್ನ ಪಾಲಿಗೆ ಬಂದವಳು ಬುಕ್ಕಾಪಟ್ಟಣದ ಕಡೆಯ ಕುರಿ ಸಾಕುವ ಮನೆಯ ಹುಡುಗಿ. ಬೆಳಗಿನ ಜಾವ ಐದಕ್ಕೆ ಓದಲು ಎಬ್ಬಿಸಲೆಂದು ನಾನು ಮಿಸ್ಡ್ ಕಾಲ್ ಕೊಡಬೇಕು, ಎದ್ದಿದ್ದೇನೆ ಅಂತ ಅವಳು ತಿರುಗಿ ಕೊಡಬೇಕು. ಅದನ್ನೂ ತಪ್ಪಿಸಲಿಲ್ಲ, ಶಾಲೆಯನ್ನೂ ತಪ್ಪಿಸಲಿಲ್ಲ, ಪುಣ್ಯಾತ್ಗಿತ್ತಿ. ಶಿರಾದಲ್ಲಿ ಕಾಲೇಜು ಸೇರಿ ಮುಂದೆ ನರ್ಸ್ ಆಗಬೇಕೆಂಬ ಆಸೆ ಅವಳದು. ಆದರೆ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಪಾಸಾಗಲು ಆರು ಅಂಕ ಕಡಿಮೆ ಬಿತ್ತು.

ಹೆಡ್‌ಮಾಸ್ಟರು ನನ್ನನ್ನು ಕರೆದರು. ಹಿಂದಿನ ವಾರದ ಮೀಟಿಂಗಿನಲ್ಲಿ ಮೇಲಿನವರು ಅವರನ್ನು ಫಲಿತಾಂಶ ಸಾಲದೆಂದು ಎಲ್ಲರೆದುರು ನಿಲ್ಲಿಸಿ ಉಗಿದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಶಾಲೆಯ ಫಲಿತಾಂಶದ ಲೆಕ್ಕಕ್ಕೆ ಹಿಡಿಯುವುದು ಬೋರ್ಡಿನ ಮೊದಲ ಪರೀಕ್ಷೆಗೆ ಕೂತವರನ್ನು ಮಾತ್ರ. ಅವಳು ಅದಕ್ಕೆ ಗೈರಾಗಿ ಆಮೇಲೆ ನಡೆಯುವ ಎರಡನೆಯದನ್ನು ಬರೆಯಲಿ, ಮನೆಯವರನ್ನು ನೀವೇ ಒಪ್ಪಿಸಿ ಅಂದರು. ಆಗಲ್ಲ ಸಾರ್ ಅನ್ನಬಹುದಿತ್ತು. ನನ್ನ ಬಾಯಿಗೆ ಆಗ ಏನು ಬಡಿದಿತ್ತೋ, ಅನ್ನಲಿಲ್ಲ.

ಅವರ ಮನೆಗೆ ಹೋಗಿ, ಹುಡುಗಿಗೆ ಹಾಜರಾತಿ ಸಾಲದು, ಎರಡನೇ ಪರೀಕ್ಷೆ ಹೊತ್ತಿಗೆ ಸರಿ ಮಾಡಿಸುತ್ತೇನೆ ಎಂದು ಹಸಿ ಸುಳ್ಳು ಹೇಳಿದೆ.

“ನೀವೇ ಹೇಳಿದ್ಮ್ಯಾಕೆ ಇನ್ನೇನೈತೆ ಬುಡಮ್ಮ,” ಅಂದರು ಅವಳಪ್ಪ.

ಹುಡುಗಿ ಒಳಗೆ ನನಗೇ ಟೀ ಕಾಯಿಸುತ್ತಿದ್ದಳು. ತಂದು ಕೊಟ್ಟಳು. ನಾನು ನಾಚಿಕೆಯಿಲ್ಲದೆ ಕುಡಿದು ಬಂದೆ.

ಮೊದಲ ಪರೀಕ್ಷೆಗೆ ಕೂತವರೆಲ್ಲ ಪಾಸಾದರು, ನಮ್ಮ ಶಾಲೆಯ ಹೆಸರು ಪೇಪರಿನಲ್ಲಿ ಬಂತು. ಎರಡನೇ ಪರೀಕ್ಷೆಗೆ ಅವಳು ಬರಲಿಲ್ಲ. ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಾಳೆಂದು ಯಾರೋ ಹೇಳಿದರು.

ಮುಂದಿನ ವರ್ಷ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಎರಡನೆಯದಾದರೂ ಯಾಕಮ್ಮ ಬರೆಯಲಿಲ್ಲ ಎಂದು ಕೇಳಿದೆ. ಆಹಾ, ಕೇಳುವ ಮುಖ ನೋಡು ನನ್ನದು! ಅವಳು ಸಿಟ್ಟೇನೂ ಮಾಡಿಕೊಳ್ಳಲಿಲ್ಲ.

“ನೀವು ಹೇಳಿದ್ದು ಸುಳ್ಳು ಅಂತ ಅವತ್ತೇ ಗೊತ್ತಾಯ್ತು ಮಿಸ್. ನಾನು ಪಾಸಾಗ್ತೀನಿ ಅಂತ ನಿಮ್ಗೇ ನಂಬ್ಕೆ ಇಲ್ದಿದ್ಮೇಲೆ, ಬರ್ದು ಏನ್ಮಾಡ್ಲಿ ಅಂತ ಸುಮ್ಕಾಗ್ಬುಟ್ಟೆ.”